ತೊಟ್ಟಿಗೆ ನಾನು ತುಂಬಿದ ನೀರು

ಮಾರ್ಚ್ 26, ಗುರುವಾರ

ಹೆಡ್‌ಮಾಸ್ಟರು ಸಂಜೆ ಮಾತಾಡಿಸದೆ ಹೋದರು. ಅದೇ ಮನಸ್ಸಿನಲ್ಲಿ ಕೊರೆಯುತ್ತಿದೆ.

ತಾಂಡವಪುರದ ಕಡೆಯ ಕಂಪನಿಯೊಂದು ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿದೆ, ಆದರೆ ಅದರ ತೊಟ್ಟಿಗೆ ನೀರಿನ ಪೈಪು ಎಳೆದಿಲ್ಲ. ದೊಡ್ಡ ಹುಡುಗಿಯರು ಮಧ್ಯಾಹ್ನವೇ ಮನೆಗೆ ಓಡುವುದು ನಿಂತಿಲ್ಲ. ಇವತ್ತು ಕಂಪನಿಯವರು ನೋಡಲು ಬರುವವರಿದ್ದರು. ಕೊಟ್ಟವರಿಗೆ ಮುಜುಗರವಾಗಬಾರದೆಂದು, ಬಿಸಿಯೂಟದ ಒಲೆ ಹಚ್ಚುವ ಮೊದಲೇ ನಾನು ಕೊಡದಲ್ಲಿ ನೀರು ಹೊತ್ತು ತೊಟ್ಟಿ ತುಂಬಿಸಿದೆ. ಅವರು ನಲ್ಲಿ ತಿರುಗಿಸಿದರು, ನೀರು ಬಂತು, ಫೋಟೋ ತೆಗೆದರು.

ಏಳನೇ ಕ್ಲಾಸಿನ ಧನುಶ್ರೀ ನನ್ನ ಸೆರಗು ಎಳೆದು, "ನಾಳೀಕೂ ನೀನೇ ಒತ್ಕೊಂಡ್ ಬತ್ತೀಯಾ ಅಜ್ಜಿ?" ಅಂದಳು.

ಅವಳ ಕೈಯಿಂದ ಸೆರಗು ಬಿಡಿಸಿಕೊಂಡು, ಕಂಪನಿಯ ರಂಜಿನಿ ಮೇಡಮ್ಮಿಗೆ ಅರಿಶಿನ ಕುಂಕುಮ ಕೊಟ್ಟು, "ನಿಮ್ದು ದೊಡ್ಡ ದಾನ ಕಣವ್ವ" ಅಂದೆ.

"ದಾನ ಅಲ್ಲಮ್ಮ. ಲಾಭದಲ್ಲಿ ಇಷ್ಟು ಭಾಗ ಜನರಿಗೆ ಖರ್ಚು ಮಾಡ್ಲೇಬೇಕು ಅಂತ ಕಾನೂನಿದೆ. ಕೊರತೆ ಇದ್ರೆ ಹೇಳಿ."

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎಂದು ಕೇಳುತ್ತಲೇ ಬೆಳೆದವಳು ನಾನು. ಇದು ದಾನವೇ ಅಲ್ಲವಂತೆ.

"ಅಂಗಾದ್ರೆ ಕೇಳವ್ವ, ಆ ನೀರು ನಾನು ಒತ್ತಾಕಿದ್ದು" ಅಂದುಬಿಟ್ಟೆ.

ಹೆಡ್‌ಮಾಸ್ಟರು ನೆಲ ನೋಡಿದರು. ಕೆಲಸ ಮುಗಿದಿದೆ ಎಂಬ ಕಾಗದಕ್ಕೆ ಅವರು ಆಗಲೇ ಸಹಿ ಹಾಕಿದ್ದರು. ರಂಜಿನಿ ಅದನ್ನು ಹರಿದು ಬ್ಯಾಗಿಗೆ ಹಾಕಿಕೊಂಡು, "ಪೈಪ್ ಬಂದ್ಮೇಲೆ ಬೇರೆ ಬರೆಯೋಣ ಸಾರ್" ಅಂದಳು.

ಪಾಪ, ಅವರಿಗೆ ನಾಲ್ಕು ಜನರೆದುರು ಅವಮಾನವಾಯಿತು. ನಾಳೆ ಅವರ ತಟ್ಟೆಗೆ ಒಂದು ಸೌಟು ಸಾರು ಜಾಸ್ತಿ ಬಡಿಸುತ್ತೇನೆ. ತಪ್ಪಾಯಿತು ಅಂತ ಮಾತ್ರ ಹೇಳಲಾರೆ.