ಬದುಕಿರುವವನ ಮುಖಕ್ಕೆ ಸತ್ತ ಇಸವಿ

ಮಾರುಕಟ್ಟೆ ವ್ಯವಹಾರಗಳ ನಿಯಂತ್ರಣಾಧಿಕಾರಿಗಳಾದ ಮಾನ್ಯರೇ,

ನನ್ನ ಅಣ್ಣ ಬದುಕಿದ್ದಾನೆ. ಈ ಸಾಲು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದಾನೆ. ಕೆಮ್ಮಿನ ನಡುನಡುವೆ, ಚಹಾಕ್ಕೆ ಸಕ್ಕರೆ ಸಾಲದೆಂದು ಅತ್ತಿಗೆಯೊಡನೆ ಜಗಳವನ್ನೂ ಆಡುತ್ತಿದ್ದಾನೆ. ಸತ್ತವರು ಇಷ್ಟು ಜೋರಾಗಿ ಜಗಳವಾಡಿದ್ದನ್ನು ನಾನು ರಂಗದ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಆದರೂ ನಮ್ಮ ಬೀದಿಯ ತಿರುವಿನಲ್ಲಿರುವ ಮೂರಂತಸ್ತಿನ ಅಂಗಡಿಯಲ್ಲಿ, ಪಾತ್ರೆ ತೊಳೆಯುವ ಸೋಪಿನ ಪಕ್ಕದ ಕಪಾಟಿನಲ್ಲಿ, ಅದೇ ಅಣ್ಣನ ಮುಖ ಪಿಂಗಾಣಿ ಕಪ್‌ಗಳ ಮೇಲೆ ಮಾರಾಟಕ್ಕಿದೆ. ಮುಖದ ಕೆಳಗೆ ಹುಟ್ಟಿದ ಇಸವಿ, ಒಂದು ಗೆರೆ, ಸತ್ತ ಇಸವಿ. ಅದನ್ನು ತೆಗೆಸಿಕೊಡಿ ಎಂದು ತಮ್ಮ ಕಚೇರಿಗೆ ಅರ್ಜಿ ಕೊಟ್ಟೆವು. ತಮ್ಮ ಕಚೇರಿಯ ಉತ್ತರ ನನ್ನ ಮುಂದಿದೆ: “ಸದರಿ ಚಿತ್ರದಲ್ಲಿರುವ ವ್ಯಕ್ತಿಯು ಮೃತರಾಗಿರುವುದರಿಂದ, ಅವರ ವಾರಸುದಾರರು ಮಾತ್ರ ದೂರು ಸಲ್ಲಿಸಲು ಅವಕಾಶವಿರುತ್ತದೆ.” ಆ ಅರ್ಜಿಗೆ ಸಹಿ ಹಾಕಿದ್ದವನು ಚಿತ್ರದಲ್ಲಿರುವ ವ್ಯಕ್ತಿಯೇ!

ಉತ್ತರ ಓದಿ ಅಣ್ಣ ಕೇಳಿದ: “ಹಾಗಾದ್ರೆ ಸತ್ತ ಮೇಲೆ ಬಂದು ಅರ್ಜಿ ಕೊಡ್ಬೇಕಾ?”

ಅತ್ತಿಗೆ ಒಲೆಯ ಮುಂದಿನಿಂದಲೇ ಹೇಳಿದರು: “ಬದುಕಿದ್ದಾಗ್ಲೇ ಒಂದು ಅರ್ಜಿ ನೆಟ್ಟಗೆ ಬರೆದವರಲ್ಲ. ಸತ್ತ ಮೇಲೆ ಬರೀತಾರಂತೆ!”

ಮೂವರೂ ನಕ್ಕೆವು. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ಮಾನ್ಯರೇ, ನಾನು ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಪರದೆಯ ಮರೆಯಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಟ್ಟವನು. ಯಾರು ಯಾವ ಸಾಲು ಮರೆಯುತ್ತಾರೆ, ಯಾರು ಬೇಕೆಂದೇ ಮರೆತ ಹಾಗೆ ನಟಿಸುತ್ತಾರೆ ಎಂಬುದು ಉಸಿರಿನ ಸದ್ದಿನಲ್ಲೇ ನನಗೆ ತಿಳಿಯುತ್ತದೆ. ಎರಡು ತಿಂಗಳ ಹಿಂದೆ ತೀರಿಕೊಂಡ ಮಹಾನಟರು ನಮ್ಮದೇ ಕಂಪನಿಯಲ್ಲಿ ರಾಜನ ಪಾತ್ರ ಮಾಡುತ್ತಿದ್ದವರು. ನಾವು ಅವರನ್ನು ‘ರಾಜಪಾರ್ಟು’ ಎಂದೇ ಕರೆಯುತ್ತಿದ್ದೆವು. ಮುಂದೆ ಅವರು ಸಿನಿಮಾಕ್ಕೆ ಹೋದರು, ಗೋಡೆಗೋಡೆಯ ಮೇಲೆ ಏರಿದರು. ಅಣ್ಣ ಅವರ ಬದಲಿ. ಅವರಿಗೆ ಗಂಟಲು ಕಟ್ಟಿದರೆ, ಬಸ್ಸು ತಪ್ಪಿದರೆ, ಕಿರೀಟ ಅಣ್ಣನ ತಲೆಗೆ ಬರುತ್ತಿತ್ತು. ಅದೇ ಎತ್ತರ, ಅದೇ ಗದ್ದ, ಬಣ್ಣ ಬಳಿದುಕೊಂಡರೆ ಹೆತ್ತ ತಾಯಿಯೂ ತಬ್ಬಿಬ್ಬು. ‘ಬದಲಿ’ ಎಂಬುದೇ ಅವನ ಹೆಸರಾಗಿ ನಿಂತಿತು. ಇಂದಿಗೂ ಹಳಬರು ಬಾಗಿಲಿಗೆ ಬಂದು “ಬದಲಿ ಇದ್ದಾನಾ?” ಎಂದೇ ಕೇಳುತ್ತಾರೆ.

ನಮ್ಮ ಕಂಪನಿಯಲ್ಲಿ ಒಂದು ಕಟ್ಟಳೆಯಿತ್ತು. ಬದಲಿ ರಂಗಕ್ಕೆ ಬಂದ ದಿನವೂ ಹೊರಗಿನ ಫಲಕದಲ್ಲಿ ಹೆಸರು ಬದಲಾಗಬಾರದು. ಟಿಕೆಟು ಕೊಂಡವರು ರಾಜಪಾರ್ಟಿಗೆಂದು ಕೊಂಡಿದ್ದಾರೆ. ಅವರು ರಾಜಪಾರ್ಟನ್ನೇ ನೋಡಿದೆವೆಂದು ನಂಬಿ ಮನೆಗೆ ಹೋಗಬೇಕು. ಒಂದು ಮಧ್ಯಾಹ್ನದ ಆಟಕ್ಕೆ ಪತ್ರಿಕೆಯ ಛಾಯಾಗ್ರಾಹಕರು ಬಂದಿದ್ದರು. ಆ ದಿನವೂ ಬದಲಿಯೇ. ಅಣ್ಣ ಕಿರೀಟ ತೊಟ್ಟು, ಕತ್ತಿಯ ಹಿಡಿಯ ಮೇಲೆ ಎಡಗೈ ಇಟ್ಟು ನಿಂತ. ಹಿಂದೊಮ್ಮೆ ಪರದೆ ಕಟ್ಟುವ ಬಿದಿರ ಗಳು ಬಿದ್ದು ಮುರಿದ ಅವನ ಕಿರುಬೆರಳು ಮಡಚಲು ಬರುವುದಿಲ್ಲ. ಅದು ಚಿತ್ರದಲ್ಲಿಯೂ ನೆಟ್ಟಗೆ, ಹಠಮಾರಿಯಂತೆ, ಹೊರಗೆ ಚಾಚಿಕೊಂಡಿದೆ. ಪತ್ರಿಕೆಯಲ್ಲಿ ಅದು ಅಚ್ಚಾಗಲಿಲ್ಲ, ಒಂದು ಪ್ರತಿ ಮಾತ್ರ ನಮ್ಮ ಕೈಗೆ ಬಂತು. ಕಟ್ಟಳೆಯ ಪ್ರಕಾರ ಅದರ ಹಿಂದೆ ಮಹಾನಟರ ಹೆಸರನ್ನು ಬರೆದವನು ನಾನು. ಅಣ್ಣ ರಾಜನಾಗಿ ನಿಂತ ಫೋಟೋ ಈ ಲೋಕದಲ್ಲಿ ಅದೊಂದೇ. ಅದೂ ಇನ್ನೊಬ್ಬರ ಹೆಸರಿನಲ್ಲಿ, ನಮ್ಮ ಮನೆಯ ಟ್ರಂಕಿನಲ್ಲಿ ನಲವತ್ತು ವರ್ಷ ಮಲಗಿತ್ತು.

ಈಗ ಅಂಗಡಿಗೆ ಬರೋಣ. ಮಹಾನಟರು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದದ್ದು ಬೆಳಿಗ್ಗೆ ಏಳಕ್ಕೆ ಕಾಲು ಗಂಟೆ ಇರುವಾಗ. ಅಂಗಡಿ ಬಾಗಿಲು ತೆಗೆದದ್ದು ಹತ್ತಕ್ಕೆ. ಹತ್ತಕ್ಕೆ ಅಲ್ಲಿ ಏನೇನಿತ್ತು ಬಲ್ಲಿರಾ? ಕಪ್ಪು ಅಂಚಿನ ದೊಡ್ಡ ಫಲಕ, ಕಪ್, ಅಂಗಿ, ಕೀಲಿಗೊಂಚಲು. ಧ್ವನಿವರ್ಧಕದಲ್ಲಿ ಪಿಟೀಲು. ಪಿಟೀಲಿನ ನಡುವೆ ಗದ್ಗದ ಕಂಠ: “ನಮ್ಮನ್ನಗಲಿದ ಮಹಾನಟರಿಗೆ ನಮ್ಮ ಅಶ್ರುತರ್ಪಣ. ಎರಡು ಕಪ್ ಕೊಂಡರೆ ಒಂದು ಉಚಿತ!” ಭಲೇ! ಮೂರೂಕಾಲು ಗಂಟೆಯಲ್ಲಿ ಚಿತ್ರ ಹುಡುಕಿ, ಅಚ್ಚು ಹಾಕಿ, ಬೇಯಿಸಿ, ಪೆಟ್ಟಿಗೆಗೆ ತುಂಬಿ, ಲಾರಿಗೆ ಏರಿಸಿ, ಮೂರಂತಸ್ತಿಗೂ ಹಂಚಿ, ಗಂಟಲು ಗದ್ಗದ ಮಾಡಿಕೊಳ್ಳುವುದೂ ಮುಗಿಯಿತೆ? ಒಂದು ಪರದೆಗೆ ಬಣ್ಣ ಬಳಿಯಲು ನಮಗೆ ನಾಲ್ಕು ದಿನ ಬೇಕಾಗುತ್ತಿತ್ತು. ಪರದೆ ಏಳುವ ಗಳಿಗೆಗೆ ಎಲ್ಲವೂ ಸಿದ್ಧವಿದೆಯೆಂದರೆ, ಗಂಟೆ ಬಾರಿಸುವ ಮೊದಲೇ ಯಾರೋ ಸಿದ್ಧಮಾಡಿ ಕಾದು ಕೂತಿದ್ದರೆಂದು ಅರ್ಥ. ಅವರು ಕಾಯುತ್ತಿದ್ದುದು ಏನನ್ನು ಎಂದು ಬಾಯಿಬಿಟ್ಟು ಹೇಳಬೇಕೆ?

ಮೂರನೆಯ ದಿನ ಅಣ್ಣ ಕುಕ್ಕರಿನ ರಬ್ಬರು ತರಲು ಅದೇ ಅಂಗಡಿಗೆ ಹೋದ. ಅವನ ಕೈಯಲ್ಲಿ ಆ ಅಂಗಡಿಯದೇ ಒಂದು ಉಡುಗೊರೆ ಚೀಟಿ ಇತ್ತು. ಆ ಚೀಟಿ ಎಲ್ಲಿಂದ ಬಂತೆಂದು ಆಮೇಲೆ ಹೇಳುತ್ತೇನೆ, ಹೇಳಲು ನಾಚಿಕೆಯಾಗುತ್ತದೆ. ಕಪಾಟಿನ ತುಂಬ ಸಾಲುಸಾಲಾಗಿ ತಾನೇ ನಿಂತಿರುವುದನ್ನು ಕಂಡು ಅಣ್ಣ ಮೊದಲು ಕನ್ನಡಿಯೆಂದು ತಲೆ ಸವರಿಕೊಂಡನಂತೆ. ಆಮೇಲೆ ಕಂಡದ್ದು ಕಿರುಬೆರಳು. ಗಲ್ಲಾಪೆಟ್ಟಿಗೆಯ ಹೆಂಗಸಿಗೆ ತೋರಿಸಿದ. ಆಕೆ ವ್ಯವಸ್ಥಾಪಕನನ್ನು ಕರೆದಳು.

“ಇದು ನಾನು” ಎಂದ ಅಣ್ಣ.

“ಹೌದು ಯಜಮಾನ್ರೇ, ಎಲ್ರೂ ಹಂಗೇ ಅಂತಾರೆ. ಅಭಿಮಾನ ಅಂದ್ರೆ ಅದೇ ಅಲ್ವಾ, ಅವರಲ್ಲಿ ನಮ್ಮನ್ನೇ ನೋಡೋದು.”

“ಅಭಿಮಾನ ಅಲ್ಲಪ್ಪ. ಇದು ನನ್ನ ಬೆರಳು, ನೋಡು.”

ವ್ಯವಸ್ಥಾಪಕ ಬೆರಳನ್ನೂ ನೋಡಿದ, ಕಪ್ ಕೂಡ ನೋಡಿದ. ಒಂದು ಗಳಿಗೆ ಅವನ ಮುಖದಲ್ಲಿ ಏನೋ ಹಾದುಹೋಯಿತೆಂದು ಅಣ್ಣ ಹೇಳುತ್ತಾನೆ. ಆಮೇಲೆ ಅವನು ಕೇಳಿದ: “ಇದು ನಿಮ್ಮ ಮುಖ ಅನ್ನೋದಕ್ಕೆ ದಾಖಲೆ ಏನಿದೆ?”

“ಮುಖಾನೇ ಇದೆಯಲ್ಲೋ!”

“ಮುಖ ನಡೆಯಲ್ಲ ಸರ್. ಕಾಗದ ಬೇಕು.”

ಮಾನ್ಯರೇ, ಇದಕ್ಕಿಂತ ದೊಡ್ಡ ಸಂಭಾಷಣೆಯನ್ನು ನಮ್ಮ ಕಂಪನಿಯ ಯಾವ ಕವಿಯೂ ಬರೆದುಕೊಟ್ಟಿರಲಿಲ್ಲ. ಅಣ್ಣ ತನ್ನದೇ ಮುಖವನ್ನು ಚೀಟಿ ಕೊಟ್ಟು ಕೊಂಡುಕೊಂಡು ಬಂದ. ಕುಕ್ಕರಿನ ರಬ್ಬರು ಮರೆತುಬಂದ. ಅಂದಿನಿಂದ ಹೊರಗೆ ಹೋಗುವುದನ್ನು ನಿಲ್ಲಿಸಿದ್ದಾನೆ. ವಾಚನಾಲಯಕ್ಕಿಲ್ಲ, ಕ್ಷೌರಕ್ಕಿಲ್ಲ. ಅಂದು ಮರಳುವ ದಾರಿಯಲ್ಲೇ ಒಬ್ಬ ಕೈಮುಗಿದು “ಅವರ ತಮ್ಮನಾ ನೀವು?” ಎಂದು ಕಣ್ಣೊರೆಸಿಕೊಂಡನಂತೆ. ಈಗ ಗಡ್ಡ ಬಿಟ್ಟು ಕೂತಿದ್ದಾನೆ. “ಬಿಡು, ಈ ಮುಖ ಈಗ ನಂದಲ್ಲ” ಎನ್ನುತ್ತಾನೆ.

ಕಪ್ ಮನೆಗೆ ಬಂದ ದಿನ ಅದರ ಗುಟ್ಟು ಮೊದಲು ಸಿಕ್ಕಿದ್ದು ಅತ್ತಿಗೆಯ ಉಗುರಿಗೆ. “ಇಲ್ಲಿ ಮುಟ್ಟಿ ನೋಡಿ, ಈ ಇಸವಿ ಉಬ್ಬಿಕೊಂಡಿದೆ” ಎಂದರು. ಮುಟ್ಟಿದೆ. ಮುಖ ನುಣುಪು, ಹುಟ್ಟಿದ ಇಸವಿ ನುಣುಪು, ಗೆರೆ ನುಣುಪು. ಸತ್ತ ಇಸವಿಯೊಂದು ಮಾತ್ರ ಬೆರಳಿಗೆ ತಡೆಯುತ್ತದೆ. ಬಣ್ಣವೂ ಒಂದು ಛಾಯೆ ದಟ್ಟ. ಅಂದರೆ ಉಳಿದದ್ದನ್ನೆಲ್ಲ ಮೊದಲೇ ಅಚ್ಚುಹಾಕಿ, ಗೆರೆಯ ಮುಂದೆ ಜಾಗ ಖಾಲಿ ಬಿಟ್ಟಿದ್ದಾರೆ. ಇಸವಿ ಆಮೇಲೆ ಬಂದು ಕೂತಿದೆ. ಕಪ್ ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ‘ಸ್ಮರಣಾರ್ಥ’ ಎಂಬ ಪದವೂ ಅದೇ ಮುಖವೂ ಇವೆ. ತಳದಲ್ಲಿ ಒಂದು ಬಿಳಿ ಚೀಟಿ. ಆ ಚೀಟಿಯನ್ನು ಬಿಸಿನೀರಿನ ಹಬೆಗೆ ಹಿಡಿದು ಎಬ್ಬಿಸಿದೆ. ಕೆಳಗೆ ಇನ್ನೊಂದು ಚೀಟಿ. ಅದರಲ್ಲಿದ್ದ ತಯಾರಿಕೆಯ ದಿನಾಂಕ ಮಹಾನಟರು ತೀರಿಕೊಳ್ಳುವುದಕ್ಕಿಂತ ಹತ್ತೊಂಬತ್ತು ದಿನ ಹಿಂದಿನದು. ಅವರು ಆಸ್ಪತ್ರೆಯ ಹಾಸಿಗೆಯ ಮೇಲೆ ಗಂಜಿ ಕುಡಿಯುತ್ತಾ “ಮುಂದಿನ ತಿಂಗಳು ಮನೆಗೆ ಹೋಗ್ತೀನಿ” ಎಂದು ಮಗಳಿಗೆ ಹೇಳುತ್ತಿದ್ದ ದಿನಗಳು ಅವು. ಅವರಿಗೆ ಗೊತ್ತಿಲ್ಲದ್ದು, ಮಗಳಿಗೆ ಗೊತ್ತಿಲ್ಲದ್ದು, ಕಪ್ ವ್ಯಾಪಾರಿಗೆ ಹೇಗೆ ಗೊತ್ತಾಯಿತು? ಒಳಗಿನಿಂದ ಮಾತು ಎತ್ತಿಕೊಟ್ಟವರು ಯಾರು? ಒಂದು ಪರದೆಯ ಮರೆಯಲ್ಲಿ ಆಯುಸ್ಸು ಕಳೆದವನಿಗೆ, ಇನ್ನೊಂದು ಪರದೆಯ ಮರೆಯಲ್ಲಿ ಯಾರೋ ಉಸಿರು ಬಿಗಿಹಿಡಿದು ನಿಂತಿರುವುದು ವಾಸನೆಯಲ್ಲೇ ತಿಳಿಯುತ್ತದೆ.

ಎಲ್ಲರನ್ನೂ ಶಂಕಿಸಿದೆ. ಕೊನೆಗೆ ಒಬ್ಬನ ಸರದಿ ಉಳಿಯಿತು. ಅವನು ನಾನು. ಮಹಾನಟರು ಆಸ್ಪತ್ರೆ ಸೇರಿದ ವಾರ, ಕನ್ನಡಕದ ಹೆಂಗಸೊಬ್ಬರು ನಮ್ಮ ಮನೆಗೆ ಬಂದಿದ್ದರು. ಬಲು ಮರ್ಯಾದಸ್ಥರು. “ಗುಣವಾಗಿ ಬಂದ ಮೇಲೆ ದೊಡ್ಡ ಸನ್ಮಾನ ಇಟ್ಕೊಂಡಿದ್ದೀವಿ. ಪುಸ್ತಕ ಮಾಡ್ತೀವಿ. ಎಲ್ಲೂ ಬಾರದ ಹಳೆ ಫೋಟೋ ಇದ್ರೆ ಕೊಡಿ ಸರ್” ಎಂದರು. ನನ್ನನ್ನು ‘ಸರ್’ ಎಂದು ಕರೆದವರು ನನ್ನ ಜನ್ಮದಲ್ಲಿ ಎಷ್ಟು ಜನ! ಉಬ್ಬಿಹೋದೆ. ಟ್ರಂಕು ತೆಗೆದೆ. ಅದೊಂದು ಫೋಟೋ ಎಲ್ಲಕ್ಕಿಂತ ಚೆನ್ನಾಗಿತ್ತು. ಹಿಂದೆ ನನ್ನದೇ ಅಕ್ಷರದಲ್ಲಿ ಮಹಾನಟರ ಹೆಸರಿತ್ತು. ಇದು ಅವರಲ್ಲ, ನಮ್ಮಣ್ಣ ಎಂದು ಹೇಳಬಹುದಿತ್ತು. ಕಂಪನಿ ಮುಚ್ಚಿ ಇಪ್ಪತ್ತು ವರ್ಷವಾದರೂ ಕಟ್ಟಳೆ ನಾಲಿಗೆಯ ಮೇಲೆ ಕೂತಿತ್ತು, ಹೇಳಲಿಲ್ಲ. ಆಕೆ ಹೋಗುವಾಗ ಒಂದು ಲಕೋಟೆ ಕೊಟ್ಟರು. ಅದರಲ್ಲಿ ಆ ಅಂಗಡಿಯ ಉಡುಗೊರೆ ಚೀಟಿ. ಸನ್ಮಾನ ಸಮಿತಿಗೂ ಸೋಪು ಮಾರುವ ಅಂಗಡಿಗೂ ಏನು ನಂಟೆಂದು ಆಗ ಕೇಳಬೇಕೆಂದು ನನಗೆ ಅನ್ನಿಸಲಿಲ್ಲ. ಅನುಮಾನ ಬರಬೇಕಾದ ಹೊತ್ತಿಗೆ ಬರಲಿಲ್ಲ. ಈಗ ಬಂದು ಮನೆ ಬಿಟ್ಟು ಹೋಗುತ್ತಿಲ್ಲ.

ನಾನು ಮೊದಲು ಹೇಳಬೇಕಿದ್ದದ್ದು ಮಹಾನಟರ ಮಗಳಿಗೆ. ಅಣ್ಣ ತಡೆದ: “ಬೇಡ ಕಣೋ. ಆ ಮಗು ಆ ಫೋಟೋನ ಅಪ್ಪ ಅಂತ ನೋಡ್ತಾ ಇರತ್ತೆ. ಅದನ್ಯಾಕೆ ಕಿತ್ಕೋತೀಯ?” ಆ ಮಗುವಿಗೆ ಈಗ ಐವತ್ತು. ಆದರೂ ಹೋದೆ. ಆಕೆ ಕಪ್ ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಆ ಕಿರುಬೆರಳನ್ನು ಸವರಿ ಹೇಳಿದಳು:

“ಚಿಕ್ಕಪ್ಪ, ನಂಗೆ ಗೊತ್ತು. ಆ ಮಧ್ಯಾಹ್ನ ನಂಗೆ ಜ್ವರ. ಅಪ್ಪ ಆಟ ಬಿಟ್ಟು ನನ್ನ ಹತ್ರಾನೇ ಕೂತಿದ್ರು. ‘ಬದಲಿ ನೋಡ್ಕೋತಾನೆ, ನೀನು ಮಲಕ್ಕೋ’ ಅಂದಿದ್ರು. ಬದಲಿ ದೊಡ್ಡಪ್ಪನ ಮುಖ ದೊಡ್ಡಪ್ಪನಿಗೆ ಕೊಡಿಸಿ. ನಮ್ಮಪ್ಪನಿಗೆ ಬೇಕಾದಷ್ಟು ಮುಖ ಇದೆ.” ಆಮೇಲೆ ಕಪ್ ಕೆಳಗಿಟ್ಟು, “ನಾನು ಆ ಅಂಗಡಿಗೆ ಹೋಗೋದು ಬಿಟ್ಟಿದ್ದೀನಿ. ಅಲ್ಲಿ ಅಪ್ಪನ ಹೆಸರಿನ ಅಂಗಿಗಳನ್ನ ಈಗ ಬುಟ್ಟಿಗೆ ಸುರಿದಿದ್ದಾರೆ, ಅರ್ಧ ಬೆಲೆಗೆ” ಎಂದಳು.

ವಾರಸುದಾರರು ಬೇಕೆಂದಿರಲ್ಲವೇ? ಆಕೆಯೇ ತಮ್ಮ ಕಚೇರಿಗೆ ಅರ್ಜಿ ಕೊಟ್ಟಳು, ಸತ್ಯವನ್ನೇ ಬರೆದಳು. ತಮ್ಮ ಉತ್ತರ: “ಚಿತ್ರದಲ್ಲಿರುವವರು ತಮ್ಮ ತಂದೆಯಲ್ಲವೆಂದು ತಾವೇ ಒಪ್ಪಿಕೊಂಡಿರುವುದರಿಂದ, ತಮಗೆ ಈ ವಿಷಯದಲ್ಲಿ ದೂರು ಸಲ್ಲಿಸಲು ಹಕ್ಕಿರುವುದಿಲ್ಲ.” ಆಹಾ! ಅಣ್ಣ ಬಂದರೆ ನೀನು ಸತ್ತಿದ್ದೀಯೆ. ಮಗಳು ಬಂದರೆ ಅವನು ನಿನ್ನಪ್ಪನಲ್ಲ. ಒಂದೇ ಮೇಜಿನಿಂದ, ಒಂದೇ ಮೊಹರಿನಡಿ, ಒಂದೇ ಮುಖವನ್ನು ಒಮ್ಮೆ ಸಾಯಿಸಿ ಒಮ್ಮೆ ಬದುಕಿಸಿದ್ದೀರಿ. ಎರಡು ಉತ್ತರಗಳ ನಡುವೆ ಅಂಗಡಿಯವನು ಮಾತ್ರ ಸುಖವಾಗಿ ಉಳಿದಿದ್ದಾನೆ. ಇದು ಅಜಾಗರೂಕತೆಯೇ, ಅಥವಾ ಯಾರೋ ಎತ್ತಿಕೊಟ್ಟ ಮಾತೇ? ಕೇಳುತ್ತಿದ್ದೇನೆ ಅಷ್ಟೇ.

ಅಂಗಡಿಯವರು ಹೇಳುವುದು ನನಗೆ ಗೊತ್ತು: ಅಭಿಮಾನಿಗಳು ಕೇಳುತ್ತಾರೆ, ನಾವು ಕೊಡುತ್ತೇವೆ. ಇರಬಹುದು. ಅಂತಿಮ ದರ್ಶನದ ದಿನ ಮಹಾನಟರ ಮನೆಯ ಗೇಟಿನ ಬಳಿ ಹೂ ಮಾರುವಾಕೆಯೂ ಬುಟ್ಟಿ ಖಾಲಿ ಮಾಡಿಕೊಂಡಳು. ಅವಳನ್ನು ನಾನು ದೂರುವುದಿಲ್ಲ. ಸಾವು ಬಂದ ಮೇಲೆ ಅವಳು ಹೂ ತಂದಳು. ಇವರು ಗೆರೆ ಎಳೆದು, ಜಾಗ ಬಿಟ್ಟು, ಸಾವು ಯಾವಾಗ ಬರುತ್ತದೆಂದು ಹತ್ತೊಂಬತ್ತು ದಿನ ಬಾಗಿಲು ನೋಡುತ್ತಾ ಕೂತರು. ಮಹಾನಟರು ಗುಣವಾಗಿ ಮನೆಗೆ ಬಂದಿದ್ದರೆ ಆ ಗೋದಾಮಿನಲ್ಲಿ ಯಾರಿಗೆ ಸಂತೋಷವಾಗುತ್ತಿತ್ತು? ಇನ್ನೊಬ್ಬನ ಚೇತರಿಕೆ ಯಾರಿಗೆ ನಷ್ಟವೋ, ಅವನ ಗದ್ಗದವನ್ನು ನಾನು ನಂಬಲಾರೆ. ಗದ್ಗದ ಹೇಗೆ ಬರಿಸಬೇಕೆಂದು ನಾನೇ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ.

ಆದ್ದರಿಂದ ಮಾನ್ಯರೇ, ಕೇಳುವುದು ಇಷ್ಟು. ಆ ಕಪ್‌ಗಳಿಗೆ ಬೇಡಿಕೆ ಕೊಟ್ಟ ಕಾಗದವನ್ನು ತರಿಸಿ, ಅದರ ದಿನಾಂಕವನ್ನು ಊರಿಗೆಲ್ಲ ಕಾಣುವಂತೆ ತಮ್ಮ ಕಚೇರಿಯ ಗೋಡೆಗೆ ಅಂಟಿಸಿ. ನನ್ನ ಅನುಮಾನ ಸುಳ್ಳಾದರೆ ಆ ಒಂದು ಕಾಗದ ನನ್ನ ಬಾಯಿ ಮುಚ್ಚಿಸುತ್ತದೆ. ಅದೇ ಗೋಡೆಯ ಮುಂದೆ ನಿಂತು ಕ್ಷಮೆ ಕೇಳುತ್ತೇನೆ, ಧ್ವನಿವರ್ಧಕ ಬೇಡ, ನನ್ನ ಗಂಟಲು ಸಾಕು. ಬದುಕಿರುವವರ ಹೆಸರಿನ ಮುಂದೆ ಗೆರೆ ಎಳೆದು ಕಾಯುವುದನ್ನು ಅಪರಾಧವೆಂದು ಬರೆಯಿರಿ. ಸತ್ತವರ ಮುಖವನ್ನು ಮನೆಯವರ ಒಪ್ಪಿಗೆಯಿಲ್ಲದೆ ಮಾರಕೂಡದೆಂದು ಬರೆಯಿರಿ. ಮತ್ತು ನಮ್ಮ ಅಣ್ಣನ ಮುಖವಿರುವ ಕಪ್‌ಗಳನ್ನು, ಕಪಾಟಿನಲ್ಲಿ ಉಳಿದಷ್ಟನ್ನೂ, ನಮ್ಮ ಮನೆಗೆ ಕಳಿಸಿಕೊಡಿ. ಇಡಲು ಜಾಗವಿಲ್ಲ. ಆದರೂ ಟ್ರಂಕಿನಲ್ಲಿ ಆ ಫೋಟೋ ಮಲಗಿದ್ದ ಜಾಗ ಖಾಲಿಯಿದೆ.

ಈ ಪತ್ರ ಮುಗಿಸುವ ಹೊತ್ತಿಗೆ ಕೆಮ್ಮು ನಿಂತಿತು. ಎದ್ದು ಹೋಗಿ ನೋಡಿದೆ. ಅಣ್ಣ ಹಿತ್ತಿಲ ನಲ್ಲಿಯ ಬಳಿ ಕೂತು, ಪಾತ್ರೆ ಉಜ್ಜುವ ಸ್ಟೀಲ್ ನಾರು ಹಿಡಿದು ಆ ಕಪ್ ಉಜ್ಜುತ್ತಿದ್ದ. ಇಸವಿಯನ್ನು ಅಳಿಸುತ್ತಾನಂತೆ; ಅಳಿಸಿ ಅದರಲ್ಲೇ ಚಹಾ ಕುಡಿಯುತ್ತಾನಂತೆ. ತಿರುಗಿಸಿ ತೋರಿಸಿದ. ಕಿರೀಟ ಹೋಗಿದೆ, ಹಣೆ ಹೋಗಿದೆ, ಕಣ್ಣು ಹೋಗಿವೆ. ಆ ಹಠಮಾರಿ ಬೆರಳೂ ಹೋಗಿದೆ. ಇಸವಿ ಹಾಗೇ ಇದೆ.

ಇಂತಿ,
ಫೋಟೋದ ಹಿಂದೆ ತಪ್ಪು ಹೆಸರು ಬರೆದ ಕೈಯಿಂದಲೇ ಇದನ್ನೂ ಬರೆದಿರುವ,
ಬದಲಿಯ ತಮ್ಮ