ಸುಳ್ಳು ರೋಗಿಗೊಂದು ನಿಜವಾದ ಮನವಿ

ಸುಳ್ಳು ರೋಗಿಗಳ ಕುಲಶಿರೋಮಣಿಯಾದ ಅಜ್ಜಿಯವರಿಗೆ,

ಕುಟುಂಬ ವೈದ್ಯ ತರಬೇತಿಯಲ್ಲಿರುವ ಕಿರಿಯ ಡಾಕ್ಟರನ ಸಾಷ್ಟಾಂಗ ನಮಸ್ಕಾರ.

ಗಂಡ ತೀರಿಕೊಂಡ ಮೇಲೆ ನಿದ್ದೆಯೇ ಇಲ್ಲವೆಂದು ನೀವು ನನ್ನ ಕೋಣೆಯಲ್ಲಿ ಕಣ್ಣೀರಿಟ್ಟಿರಿ. ತರಗತಿಯ ಅಸ್ಥಿಪಂಜರಕ್ಕೆ ಟೈ ಕಟ್ಟಿ, ಅದರ ಪರವಾಗಿ ಹಾಜರಿ ಕೂಗುವ ಕಿಡಿಗೇಡಿ ನಾನು. ಆದರೂ ಅಂದು ನಗಾಡಲಿಲ್ಲ. ಅಮ್ಮ ಹೋದ ಮೇಲೆ ನನಗೂ ನಿದ್ದೆಯಿಲ್ಲವೆಂದು, ಯಾರಿಗೂ ಹೇಳದ್ದನ್ನು ನಿಮಗೆ ಹೇಳಿದೆ. "ಅತ್ತುಬಿಡು ಮಗಾ, ನಾನಿದ್ದೀನಲ್ಲ" ಅಂದಿರಿ. ನಾನು ಅತ್ತುಬಿಟ್ಟೆ.

ಸೋಮವಾರ ನಮ್ಮ ಗುರುಗಳು ನಮ್ಮ ಆ ಭೇಟಿಯ ವಿಡಿಯೊವನ್ನು ಎಲ್ಲರೆದುರು ಹಾಕಿದರು. ನನ್ನನ್ನು ಪರೀಕ್ಷಿಸಲು ಅವರೇ ಕರೆಸಿದ ನಟಿಯಂತೆ ನೀವು! ನಿಮ್ಮ ಯಜಮಾನರು ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದಾರಂತೆ! ಅವರಿಗೆ ದೀರ್ಘಾಯುಸ್ಸು ಕೋರುತ್ತೇನೆ.

ಮರುದಿನ ತಾತ ಒಬ್ಬರು ಬಂದು, ಹೆಂಡತಿ ಹೋದಳೆಂದು ಅತ್ತರು. ನಾನು ಚಪ್ಪಾಳೆ ತಟ್ಟಿ, "ಭೇಷ್ ತಾತ, ಆ ಅಜ್ಜಿಗಿಂತ ಚೆನ್ನಾಗಿ ಮಾಡ್ತೀರಿ" ಎಂದೆ. ಅವರು ಕಣ್ಣೊರೆಸಿಕೊಂಡು ಎದ್ದು ಹೋದರು. ಅವರು ನಟರಲ್ಲವೆಂದು ಆಮೇಲೆ ನರ್ಸಕ್ಕ ಹೇಳಿದರು.

ಈ ಸಂಜೆ ಕ್ಷಮೆ ಕೇಳಲು ಅವರ ಮನೆಗೆ ಹೊರಟಿದ್ದೇನೆ. ದಯವಿಟ್ಟು ಜೊತೆಗೆ ಬನ್ನಿ. ನಾನು ಹಾಗೇಕೆ ಅಂದೆನೆಂದು ನೀವೇ ಅವರಿಗೆ ಹೇಳಬೇಕು. ಅಲ್ಲಿ ಮಾತ್ರ ಅಳಬೇಡಿ.

ಇಂತಿ,
ನಿಮ್ಮನ್ನು ನಂಬಿದ್ದ ಡಾಕ್ಟರ