ಫಾಕ್ಸ್‌ಪ್ರೋನಾ, ಒರಾಕಲ್ಲಾ?

೮ ಜೂನ್ ೧೯೯೮, ಸೋಮವಾರ
ಬೆಳಿಗ್ಗೆ ಬ್ಯಾಚ್ ಮುಗೀತು. ಫಾಕ್ಸ್‌ಪ್ರೋ, ಏಳನೇ ಪಾಠ. ಎರಡು ಮಷೀನ್ ಹ್ಯಾಂಗ್. ಮೂರು ವರ್ಷದಿಂದ ಇದೇ ಪಾಠ, ನಿದ್ದೇಲಿ ಕೇಳಿದ್ರೂ ಹೇಳ್ತೀನಿ.
ಹೊಸ ಬ್ಯಾಚಿನ ಪಾಂಪ್ಲೆಟ್ ಪ್ರಿಂಟಿಗೆ ಹೋಗ್ಬೇಕು. ಒಂದೇ ಡೇಟಾಬೇಸ್ ಕಲಿಸೋಕಾಗೋದು — ಫಾಕ್ಸ್‌ಪ್ರೋನಾ, ಒರಾಕಲ್ಲಾ? ಕಂಪ್ಯೂಟರ್ ಇನ್‌ಸ್ಟಿಟ್ಯೂಟ್ ಲಕ್ಷ್ಮಿಕಾಂತ ಸರ್‌ದು. "ಫಾಕ್ಸ್‌ಪ್ರೋನೇ ಇರ್ಲಿ ಬಿಡ್ರಿ ಯಮುನಾ, ನೀವದೀರಲ್ಲ" ಅಂದ್ರು. ಖುಷಿಯಾಯ್ತು.
ಆಮೇಲೆ ಸುರಯ್ಯಾ ಬಂದ್ಲು. ಹೋದ ವರ್ಷ ನನ್ನ ಕ್ಲಾಸಲ್ಲಿ ಫಸ್ಟ್ ಬಂದವಳು. "ಮಿಸ್, ನಾಲ್ಕನೇ ಇಂಟರ್‌ವ್ಯೂ. ಇಲ್ಲೂ ಒರಾಕಲ್ ಬರುತ್ತಾ ಅಂದ್ರು. ಇಲ್ಲ ಅಂದೆ. ಅಷ್ಟೇ, ಕಳಿಸಿಬಿಟ್ರು."
ಎಲ್ಲರೂ ಒರಾಕಲ್ಲೇ ಕೇಳ್ತಾರಾ, ಇಲ್ಲಾ ಆ ನಾಲ್ಕು ಕಡೆ ಮಾತ್ರಾನಾ? ಹೇಗೆ ತಿಳ್ಕೊಳ್ಳೋದು...

೧೦ ಜೂನ್, ಬುಧವಾರ, ಮಧ್ಯಾಹ್ನ ೩
ಹೊಳೀತು! ಬಸ್ಸಲ್ಲಿ ಪಕ್ಕದವರ ಕೈಲಿ ಪೇಪರ್ — ಕೆಲಸ ಖಾಲಿ ಇದೆ ಪುಟ. ಏನೇನು ಬರಬೇಕು ಅಂತ ಅದರಲ್ಲೇ ಇರುತ್ತಲ್ಲ. ಎಣಿಸಿಬಿಟ್ರೆ ಆಯ್ತು!
ಶಿವಾಜಿನಗರದಲ್ಲಿ ಇಳಿದು ಸೀದಾ ರಸೆಲ್ ಮಾರ್ಕೆಟ್ ಹಿಂದೆ, ಮುನೀರ್ ಭಾಯ್ ರದ್ದಿ ಅಂಗಡಿಗೆ. "ಬರೀ ಕೆಲಸದ ಪುಟ ಸಾಕಾ ಮೇಡಂ? ಮದುವೆ ಪುಟ ಬೇಡ್ವಾ?" ನಗು ತಡೆಯೋಕಾಗ್ಲಿಲ್ಲ. ತೊಂಬತ್ತಾರರಿಂದ ಇವತ್ತಿನವರೆಗೆ ಎರಡು ಗೋಣಿಚೀಲ ಸಿಕ್ತು. ಆಟೋದಲ್ಲಿ ಕಗ್ಗದಾಸಪುರದ ಮನೆಗೆ. ಮೈಯೆಲ್ಲಾ ಧೂಳು.

೧೪ ಜೂನ್, ಭಾನುವಾರ
ನಡುಮನೆ ತುಂಬಾ ಪೇಪರ್. ಸುರಯ್ಯಾ ಓದೋದು, ನಾನು ಕೂಗೋದು, ಅಮ್ಮ ಹುಣಸೆ ಬೀಜ ಇಡೋದು. ಡೇಟಾಬೇಸಿಗೊಂದು ಗುಡ್ಡೆ, ಒಂದು ಜಾಹೀರಾತಿಗೆ ಒಂದು ಬೀಜ. ಎರಡು ಹೆಸರಿದ್ರೆ ಎರಡೂ ಗುಡ್ಡೆಗೆ. ಅದೇ ಜಾಹೀರಾತು ಮತ್ತೆ ಬಂದ್ರೆ ಲೆಕ್ಕಕ್ಕಿಲ್ಲ.
"ಯಾರೇ ಇವ್ರೆಲ್ಲಾ? ಒರಾಕಲ್ಲು, ಸೈಬೇಸು... ಎಲೆಕ್ಷನ್ನಿಗೆ ನಿಂತವ್ರಾ?" ಅಮ್ಮ.
"ಮಾಹಿತಿ ಜೋಡಿಸಿಡೋ ಸಾಫ್ಟ್‌ವೇರ್ ಅಮ್ಮ. ಯಾವುದಕ್ಕೆ ಜಾಸ್ತಿ ಡಿಮ್ಯಾಂಡು ಅಂತ ನೋಡ್ತಿದ್ದೀವಿ."
ತೊಂಬತ್ತಾರು — ಫಾಕ್ಸ್‌ಪ್ರೋ ಮುಂದೆ! ಚಪ್ಪಾಳೆ ಹೊಡೆದೆ. ತೊಂಬತ್ತೇಳು — ಸರಿಸಮ. ಮ್ಯಾಚ್ ನೋಡಿದ ಹಾಗೆ ಎದೆ ಹೊಡ್ಕೋತಿತ್ತು. ಈ ವರ್ಷ ಆರು ತಿಂಗಳೂ ಆಗಿಲ್ಲ, ಒರಾಕಲ್ ೨೧೪. ಫಾಕ್ಸ್‌ಪ್ರೋ ೩೧.
ಸುರಯ್ಯಾ ನನ್ನ ಮುಖ ನೋಡಿದ್ಲು. "ಮಿಸ್, ಇನ್ನೊಂದ್ಸಲ ಎಣಿಸೋಣ್ವಾ?" ಎಣಿಸಿದ್ವಿ. ಅಷ್ಟೇ ಬಂತು.

೧೬ ಜೂನ್
ಮನಸ್ಸು ಒಪ್ಪಲಿಲ್ಲ. ಕಮರ್ಷಿಯಲ್ ಸ್ಟ್ರೀಟಲ್ಲಿ ಹನ್ನೊಂದು ಅಂಗಡಿ ಹೊಕ್ಕೆ. ಒಂಬತ್ತರಲ್ಲಿ ಬಿಲ್ ಹಾಕೋದು ಫಾಕ್ಸ್‌ಪ್ರೋದಲ್ಲೇ! ಹಾರಾಡೋ ಹಾಗಾಯ್ತು. ಕೊನೇ ಅಂಗಡೀಲಿ ಕೇಳಿದೆ — ಇದಕ್ಕೆ ಜನ ಬೇಕಾ ಸರ್? "ಯಾಕೆ? ಅದರ ಪಾಡಿಗೆ ಅದು ನಡೀತಿದೆಯಲ್ಲ" ಅಂದ್ರು.
ಅಂದ್ರೆ ಎರಡೂ ನಿಜ. ಜನ ಬಳಸೋದು ಬೇರೆ, ಕೆಲಸ ಕೊಡೋದು ಬೇರೆ. ನನ್ನ ಹುಡುಗೀರಿಗೆ ಬೇಕಾಗಿರೋದು ಕೆಲಸ.

೧೭ ಜೂನ್
ಸರ್ ಮುಂದೆ ಎಣಿಕೆಯ ಕಾಗದ ಇಟ್ಟೆ. ಎರಡು ಸಲ ಓದಿದ್ರು. "ಇದರಾಗ ನಿಮ್ಮ ಕ್ಲಾಸೇ ಹೋಗ್ತದಲ್ರಿ."
"ಗೊತ್ತು ಸರ್."
"ಒರಾಕಲ್ ಬರ್ತದೇನು ನಿಮಗ?"
"ಇಲ್ಲ. ಕಲೀತೀನಿ."
ಕನ್ನಡಕ ತೆಗೆದು ಒರೆಸಿದ್ರು, ಒರೆಸ್ತಾನೇ ಇದ್ರು. "ಆಗಸ್ಟ್ ಮೂರಕ್ಕ ಬ್ಯಾಚ್. ಅಷ್ಟ್ರಾಗ ಆಗ್ಲಿಲ್ಲಂದ್ರ ಬ್ಯಾರೆಯವರನ್ನ ಕರೀಬೇಕಾಗ್ತದ."
ಆಚೆ ಬಂದು ಮೆಟ್ಟಿಲ ಮೇಲೆ ಕೂತೆ. ಹೆದರಿಕೇನಾ, ಖುಷೀನಾ...

೧೨ ಜುಲೈ, ಭಾನುವಾರ
ಬರೆಯೋಕೆ ಪುರುಸೊತ್ತಿಲ್ಲ. ಸುರಯ್ಯಾನೂ ಜೊತೆಗೆ ಕಲೀತಿದ್ದಾಳೆ, ನನಗಿಂತ ಬೇಗ.
ಇವತ್ತು ಒರಾಕಲ್ ಟೇಬಲ್ಲಲ್ಲಿದ್ದ ಹದಿನಾಲ್ಕೂ ಸಾಲು ಅಳಿಸಿಬಿಟ್ಟೆ. ನಮ್ಮ ಫಾಕ್ಸ್‌ಪ್ರೋದಲ್ಲಿ ಜ಼ಾಪ್ ಅಂತ ಅಳಿಸಿದ್ರೆ ಮುಗೀತು, ಅತ್ರೂ ಬರಲ್ಲ. "ರೋಲ್‌ಬ್ಯಾಕ್ ಅಂತ ಹೊಡೀರಿ ಮಿಸ್" ಅಂದ್ಲು. ಹೊಡೆದೆ. ಹದಿನಾಲ್ಕೂ ವಾಪಸ್! ಇಬ್ಬರೂ ಕಿರುಚಿಕೊಂಡ್ವಿ. ಪಕ್ಕದ ಟೈಪಿಂಗ್ ಕ್ಲಾಸಿನವರು ಬಂದು ಇಣುಕಿ ಹೋದ್ರು.

೩ ಆಗಸ್ಟ್, ಸೋಮವಾರ, ಬೆಳಿಗ್ಗೆ ೯.೪೦
ಸ್ಟಾಫ್ ರೂಮಲ್ಲಿ ಕೂತು ಗೀಚ್ತಿದ್ದೀನಿ. ಶನಿವಾರ ಸರ್ ಎದುರು ಒಂದು ಗಂಟೆ ಪಾಠ ಮಾಡಿದ್ದೆ. ಎರಡು ಕಡೆ ತಪ್ಪಿದೆ, ನಾನೇ ಹಿಡಿದು ತಿದ್ದಿದೆ. "ನೀವೇ ಮಾಡ್ರಿ" ಅಂದು ಎದ್ದು ಹೋದ್ರು. ಅಷ್ಟೇ ಮಾತು!
ಇಪ್ಪತ್ತು ಸೀಟಿಗೆ ಮೂವತ್ತೆಂಟು ಜನ. ಲ್ಯಾಬ್ ನೋಡ್ಕೊಳ್ಳೋಕೆ ಸುರಯ್ಯಾನ ತಗೊಂಡಿದ್ದಾರೆ, ಇವತ್ತಿಂದಾನೇ. ಆ ಕಡೆ ರೂಮಲ್ಲಿ ಅವಳ ದನಿ ಕೇಳ್ತಿದೆ — "ಸ್ವಲ್ಪ ಸರಿದು ಕೂತ್ಕೊಳ್ಳಿ, ಮಿಸ್ ಬರ್ತಾರೆ." ಗದ್ದಲ ನಿಲ್ತು. ಮೊದಲ ಮಾತು ಏನು ಹೇಳ್ಲಿ? "ನಾನೂ ಹೊಸಬಳೇ" ಅಂತಾನೇ ಶುರು ಮಾಡ್ತೀನಿ.